ಹಳೆಯ ಬೀದಿಚಿತ್ರಗಳ ನಕ್ಷೆ: ಚುಕ್ಕಿ ಹೇಳುವುದೆಷ್ಟು, ಚಿತ್ರ ಬಲ್ಲುದೆಷ್ಟು?

ಗಣಕದ ಪರದೆಯ ಮೇಲೆ ನ್ಯೂಯಾರ್ಕ್ ನಗರದ ನಕ್ಷೆ. ಅದರ ತುಂಬ ಚುಕ್ಕಿಗಳು. ಯಾವುದಾದರೂ ಒಂದು ಚುಕ್ಕಿಯನ್ನು ಒತ್ತಿದರೆ, ಆ ಬೀದಿಮೂಲೆ ಎಂಬತ್ತು-ತೊಂಬತ್ತು ವರ್ಷಗಳ ಹಿಂದೆ ಹೇಗಿತ್ತೆಂದು ತೋರಿಸುವ ಕಪ್ಪು-ಬಿಳುಪು ಚಿತ್ರಗಳು ಸಾಲಾಗಿ ತೆರೆದುಕೊಳ್ಳುತ್ತವೆ. ಬೀದಿಯ ಮೇಲೆ ಎತ್ತರದಲ್ಲಿ ಓಡುತ್ತಿದ್ದ ರೈಲಿನ ಕಬ್ಬಿಣದ ಕಂಬಗಳು, ಈಗ ಇಲ್ಲದ ಅಂಗಡಿಗಳ ಫಲಕಗಳು, ಕುದುರೆಗಾಡಿಗಳು ಎಲ್ಲವೂ ಅಲ್ಲಿವೆ. ಇದು 'ಓಲ್ಡ್ ಎನ್‌ವೈಸಿ' ಎಂಬ ಜಾಲತಾಣ. ಡಾನ್ ವಾಂಡರ್‌ಕಾಮ್ ಎಂಬ ತಂತ್ರಾಂಶ ತಜ್ಞರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಚಿತ್ರಸಂಗ್ರಹವನ್ನು ಆಧರಿಸಿ ಇದನ್ನು ರೂಪಿಸಿದರು. 2015ರಲ್ಲಿ ಇದು ಸಾರ್ವಜನಿಕರಿಗೆ ತೆರೆಯಿತು. ಇದಕ್ಕೂ ಮೊದಲು ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಇಂಥದೇ ನಕ್ಷೆಯನ್ನು ಮಾಡಿದ ಅನುಭವ ಅವರಿಗಿತ್ತು.

ಇಂಥ ನಕ್ಷೆಯೊಂದನ್ನು ತಮ್ಮ ಊರಿಗೂ ಮಾಡಬೇಕೆಂದು ಅನೇಕ ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ ಅನ್ನಿಸಬಹುದು. ಅನ್ನಿಸುವುದು ಸಹಜ. ಆದರೆ ಅನುಕರಿಸುವ ಮೊದಲು ಪರಿಶೀಲಿಸುವುದು ಒಳ್ಳೆಯದು. ಈ ನಕ್ಷೆ ಯಾವುದರಲ್ಲಿ ಗೆದ್ದಿದೆ? ಎಲ್ಲಿ ಎಡವಿದೆ? ವಿಜ್ಞಾನದ ಕಣ್ಣಿನಿಂದ ನೋಡೋಣ.

ನಕ್ಷೆ ಆದದ್ದು ಹೇಗೆ?

ಗ್ರಂಥಾಲಯದ ಈ ಸಂಗ್ರಹದಲ್ಲಿ 1870ರ ದಶಕದಿಂದ 1970ರ ದಶಕದವರೆಗಿನ ಹತ್ತಾರು ಸಾವಿರ ಚಿತ್ರಗಳಿವೆ. ಬಹಳಷ್ಟನ್ನು ತೆಗೆದವರು ಪರ್ಸಿ ಲೂಮಿಸ್ ಸ್ಪೆರ್. 1920ರ ದಶಕದ ಕೊನೆಯಿಂದ 1940ರ ದಶಕದ ಆರಂಭದವರೆಗೆ ಅವರು ನಗರದ ಬೀದಿಗಳನ್ನು ಒಂದೊಂದಾಗಿ ಚಿತ್ರಿಸುತ್ತ ಹೋದರು. ಚಿತ್ರಗಳನ್ನು ರಟ್ಟಿನ ಹಾಳೆಗಳಿಗೆ ಅಂಟಿಸಿ, ಹಿಂಬದಿಯಲ್ಲಿ ವಿವರಗಳನ್ನು ಬೆರಳಚ್ಚು ಮಾಡಿಡಲಾಗಿತ್ತು.

ಇವನ್ನು ನಕ್ಷೆಗೆ ಏರಿಸಲು ಮೂರು ಕೆಲಸಗಳಾಗಬೇಕಿತ್ತು. ಮೊದಲನೆಯದು, ಒಂದೇ ಹಾಳೆಯಲ್ಲಿ ಎರಡು-ಮೂರು ಚಿತ್ರಗಳಿದ್ದರೆ ಅವನ್ನು ಬಿಡಿಸುವುದು. ಹಾಳೆಯ ಬಣ್ಣಕ್ಕೂ ಚಿತ್ರದ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಗಣಕ ಗುರುತಿಸಿ ಅಂಚುಗಳನ್ನು ಕತ್ತರಿಸುತ್ತದೆ. ಎರಡನೆಯದು, ಹಿಂಬದಿಯ ಬೆರಳಚ್ಚಿನ ಬರಹವನ್ನು ಗಣಕ ಓದುವಂತೆ ಮಾಡುವುದು. ಇದಕ್ಕೆ ಓಸಿಆರ್ ಎಂದು ಕರೆಯುವ, ಅಕ್ಷರಗಳನ್ನು ಗುರುತಿಸುವ ತಂತ್ರಾಂಶ ಬೇಕು. ಸಿದ್ಧ ತಂತ್ರಾಂಶ ಹಳೆಯ ಬೆರಳಚ್ಚಿನ ಮುಂದೆ ತಡವರಿಸಿದ್ದರಿಂದ, ವಾಂಡರ್‌ಕಾಮ್ ಇವೇ ಬರಹಗಳ ಮಾದರಿಗಳನ್ನು ಕೊಟ್ಟು ಅದಕ್ಕೆ ತರಬೇತಿ ನೀಡಬೇಕಾಯಿತು. ಮೂರನೆಯದು, 'ಇಂಥ ಅವೆನ್ಯೂ – ಇಂಥ ಸ್ಟ್ರೀಟ್' ಎಂಬ ಶೀರ್ಷಿಕೆಯನ್ನು ಅಕ್ಷಾಂಶ-ರೇಖಾಂಶವಾಗಿ ಬದಲಾಯಿಸುವುದು.

ಈ ಮೂರನೆಯ ಕೆಲಸ ಮ್ಯಾನ್‌ಹಟನ್‌ನಲ್ಲಿ ಸುಲಭವಾದದ್ದಕ್ಕೆ ಇನ್ನೂರು ವರ್ಷಗಳ ಹಿಂದಿನ ಕಾರಣವಿದೆ. 1811ರ ಯೋಜನೆಯಂತೆ ಅಲ್ಲಿನ ಬೀದಿಗಳನ್ನು ಚೌಕುಳಿಯಂತೆ ಎಳೆಯಲಾಯಿತು. ಉದ್ದಕ್ಕೆ ಅವೆನ್ಯೂಗಳು, ಅಡ್ಡಕ್ಕೆ ಸ್ಟ್ರೀಟುಗಳು, ಎರಡಕ್ಕೂ ಕ್ರಮಸಂಖ್ಯೆ. ಅಂದರೆ ಆ ನಗರ ಒಂದು ಆಲೇಖ ಹಾಳೆಯಂತಿದೆ. X ಮತ್ತು Y ಗೊತ್ತಾದರೆ ಬಿಂದು ಸಿಕ್ಕಿತು.

ಮೆಚ್ಚಬೇಕಾದದ್ದು

ಈ ನಕ್ಷೆಯ ದೊಡ್ಡ ಗುಣ ಅದರ ತೆರೆದ ಸ್ವಭಾವ. ಗಣಕ ಓದಿದ ಬರಹವನ್ನು ಚಿತ್ರದ ಪಕ್ಕದಲ್ಲೇ ಕೊಟ್ಟಿದ್ದಾರೆ. ತಪ್ಪಿದ್ದರೆ ನೋಡುಗರೇ ತಿದ್ದಬಹುದು. ಅಡ್ಡವಾಗಿ ತಿರುಗಿದ ಚಿತ್ರವನ್ನು ಸರಿಪಡಿಸಬಹುದು. ತಂತ್ರಾಂಶದ ಆಕರ ಸಂಕೇತವನ್ನೂ ಬಹಿರಂಗಪಡಿಸಿದ್ದಾರೆ, ಹೀಗಾಗಿ ವಿಧಾನವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಪ್ರಯೋಗದ ವಿಧಾನವನ್ನು ಮುಚ್ಚಿಡದಿರುವುದು ವಿಜ್ಞಾನದ ಮೊದಲ ಶಿಸ್ತು. ಗ್ರಂಥಾಲಯದ ಪೆಟ್ಟಿಗೆಗಳಲ್ಲಿ ವಿದ್ವಾಂಸರು ಮಾತ್ರ ನೋಡುತ್ತಿದ್ದ ಸಂಗ್ರಹ ಈಗ ಆ ಬೀದಿಯಲ್ಲಿ ವಾಸಿಸುವ ಶಾಲಾಬಾಲಕನಿಗೂ ಸಿಗುತ್ತದೆ. ಇದು ಸಣ್ಣ ಸಾಧನೆಯಲ್ಲ.

ಚುಕ್ಕಿಯ ಸುಳ್ಳು ಸೂಕ್ಷ್ಮತೆ

ಇನ್ನು ಕೊರತೆಯ ಮಾತು. ನಕ್ಷೆಯ ಮೇಲಿನ ಪ್ರತಿ ಚುಕ್ಕಿಯೂ ಒಂದು ಹೇಳಿಕೆ: 'ಈ ಚಿತ್ರ ಇಲ್ಲಿಯದು.' ಎಷ್ಟರಮಟ್ಟಿಗೆ 'ಇಲ್ಲಿಯದು' ಎಂದು ಚುಕ್ಕಿ ಹೇಳುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ. ಅಕ್ಷಾಂಶದ ಒಂದು ಡಿಗ್ರಿ ನೆಲದ ಮೇಲೆ ಸುಮಾರು 111 ಕಿ.ಮೀ. ಗಣಕದ ನಕ್ಷೆಗಳು ಸಾಮಾನ್ಯವಾಗಿ ಸ್ಥಾನವನ್ನು ಆರು ದಶಮಾಂಶ ಸ್ಥಾನಗಳವರೆಗೆ ಬರೆದಿಡುತ್ತವೆ. ಆರನೆಯ ಸ್ಥಾನದ ಒಂದು ಅಂಕಿ ಎಂದರೆ 111 ಕಿ.ಮೀ.ಯ ಹತ್ತು ಲಕ್ಷದ ಒಂದು ಭಾಗ, ಅಂದರೆ ಸುಮಾರು 11 ಸೆಂ.ಮೀ. ಒಂದು ಗೇಣಿಗಿಂತ ಕಡಿಮೆ! ಆದರೆ ಚಿತ್ರದ ಹಿಂದೆ ಇರುವುದು ಎರಡು ಬೀದಿಗಳ ಹೆಸರು ಮಾತ್ರ. ಮ್ಯಾನ್‌ಹಟನ್‌ನಲ್ಲಿ ಒಂದು ಸ್ಟ್ರೀಟಿನಿಂದ ಮುಂದಿನದಕ್ಕೆ ಸುಮಾರು 80 ಮೀ. ದೂರ. ಅವೆನ್ಯೂಗಳ ನಡುವೆ ಕೆಲವೆಡೆ 280 ಮೀ.ವರೆಗೂ ಇದೆ. ಛಾಯಾಗ್ರಾಹಕ ಆ ಮೂಲೆಯಲ್ಲೇ ನಿಂತಿದ್ದನೋ, ಅರ್ಧ ಬೀದಿ ಆಚೆಗೆ ನಿಂತು ಮೂಲೆಯನ್ನು ನೋಡುತ್ತಿದ್ದನೋ ಬರಹದಿಂದ ತಿಳಿಯದು. ಹೀಗಿರುವಾಗ ನ್ಯಾಯವಾಗಿ ಮೂರನೆಯ ದಶಮಾಂಶದಲ್ಲಿ, ಎಂದರೆ ಸುಮಾರು ನೂರು ಮೀಟರಿನ ಮಟ್ಟದಲ್ಲಿ, ನಿಲ್ಲಬೇಕಾಗುತ್ತದೆ. ಉಳಿದ ಮೂರು ಅಂಕಿಗಳು ಗಣಕದವು, ಚಿತ್ರದವಲ್ಲ.

ಅಳತೆಪಟ್ಟಿಯಲ್ಲಿ ಅಳೆದ ತಂತಿಯ ಉದ್ದವನ್ನು ಐದು ದಶಮಾಂಶಗಳಲ್ಲಿ ಬರೆದು ತಂದ ವಿದ್ಯಾರ್ಥಿಗೆ ನೀವು ಏನು ಹೇಳುತ್ತೀರಿ? ಸಾರ್ಥಕ ಅಂಕಿಗಳ ಪಾಠವನ್ನು ಮತ್ತೆ ಓದಲು ಹೇಳುತ್ತೀರಿ. ನಕ್ಷೆಗೂ ಅದೇ ನಿಯಮ. ಗಟ್ಟಿ ಆಧಾರವಿರುವ ಚಿತ್ರಕ್ಕೂ, ಬರೀ ಊಹೆಯಿಂದ ಕೂರಿಸಿದ ಚಿತ್ರಕ್ಕೂ ಒಂದೇ ಬಗೆಯ ಚುಕ್ಕಿ ಇಟ್ಟರೆ ನೋಡುಗನಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಓಲ್ಡ್ ಎನ್‌ವೈಸಿಯ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ.

ಹಳೆಯ ಹೆಸರು, ಹೊಸ ನಕ್ಷೆ

ಎರಡನೆಯ ತೊಡಕು ಹೆಸರಿನದು. ಚಿತ್ರದ ಹಿಂದಿರುವುದು ಅಂದಿನ ಹೆಸರು, ಗಣಕ ಹುಡುಕುವುದು ಇಂದಿನ ನಕ್ಷೆಯಲ್ಲಿ. ಮ್ಯಾನ್‌ಹಟನ್‌ನ ಫೋರ್ತ್ ಅವೆನ್ಯೂವಿನ ಒಂದು ಭಾಗಕ್ಕೆ 1959ರಲ್ಲಿ ಪಾರ್ಕ್ ಅವೆನ್ಯೂ ಸೌತ್ ಎಂದು ಹೆಸರಾಯಿತು. '4ನೇ ಅವೆನ್ಯೂ – 25ನೇ ಸ್ಟ್ರೀಟ್' ಎಂದು ಬರೆದ 1930ರ ದಶಕದ ಚಿತ್ರವನ್ನು ಇಂದಿನ ನಕ್ಷೆಗೆ ಕೊಟ್ಟು ನೋಡಿ. ಮ್ಯಾನ್‌ಹಟನ್‌ನಲ್ಲಿ ಆ ಮೂಲೆ ಈಗ ಆ ಹೆಸರಿನಲ್ಲಿಲ್ಲ. ಆದರೆ ಬ್ರೂಕ್ಲಿನ್‌ನಲ್ಲಿ ಅದೇ ಹೆಸರಿನ ಮೂಲೆಯೊಂದಿದೆ! ಯಾವ ವಿಭಾಗ ಎಂಬ ಮಾತು ಬಿಟ್ಟುಹೋದರೆ ಚಿತ್ರ ಸುಮಾರು 9 ಕಿ.ಮೀ. ದೂರಕ್ಕೆ, ನದಿಯ ಆಚೆಗೆ ಹೋಗಿ ಕೂರುತ್ತದೆ. ಗಣಕ ಸಂದೇಹವನ್ನು ಹೇಳುವುದಿಲ್ಲ. ಅದಕ್ಕೆ ಉತ್ತರ ಸಿಕ್ಕಿತು, ಅಷ್ಟೇ.

ಓಲ್ಡ್ ಎನ್‌ವೈಸಿಯ ಶೀರ್ಷಿಕೆಗಳಲ್ಲಿ ವಿಭಾಗದ ಹೆಸರು ಇರುವುದರಿಂದ ಇಷ್ಟು ದೊಡ್ಡ ತಪ್ಪಿಗೆ ತಡೆಯಿದೆ. ಆದರೂ ಪಾಠ ಸ್ಪಷ್ಟ. ಹಳೆಯ ಚಿತ್ರಕ್ಕೆ ಹಳೆಯ ನಕ್ಷೆಯೇ ಬೇಕು, ಜೊತೆಗೆ ಹೆಸರು ಬದಲಾದ ವರ್ಷಗಳ ಪಟ್ಟಿಯೂ ಬೇಕು.

ಕ್ಯಾಮೆರಾ ಯಾವ ಕಡೆ ನೋಡುತ್ತಿತ್ತು?

ಬೀದಿಯ ಚಿತ್ರಕ್ಕೆ ಎರಡು ಸ್ಥಾನಗಳಿರುತ್ತವೆ. ಕ್ಯಾಮೆರಾ ನಿಂತದ್ದು ಒಂದು, ಚಿತ್ರದಲ್ಲಿ ಕಾಣುವುದು ಇನ್ನೊಂದು. ಒಂದೇ ಚುಕ್ಕಿ ಎರಡನ್ನೂ ಹೇಳಲಾರದು. ಚುಕ್ಕಿಯಿಂದ ಹೊರಡುವ ಒಂದು ಪುಟ್ಟ ಬಾಣವಿದ್ದರೆ ಸಾಕಿತ್ತು.

ದಿಕ್ಕನ್ನು ಕಂಡುಹಿಡಿಯಲು ಚಿತ್ರದಲ್ಲೇ ಒಂದು ಸಾಧನವಿದೆ: ನೆರಳು. ನ್ಯೂಯಾರ್ಕ್ ಸುಮಾರು 40.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಸೂರ್ಯ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ. ನಡುಹಗಲಿನಲ್ಲಿ ಅವನು ಯಾವಾಗಲೂ ದಕ್ಷಿಣಕ್ಕಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಮ್ಯಾನ್‌ಹಟನ್‌ನ ಅವೆನ್ಯೂಗಳು ಉತ್ತರದಿಂದ ಪೂರ್ವಕ್ಕೆ ಸುಮಾರು 29 ಡಿಗ್ರಿ ವಾಲಿವೆ. ಆದ್ದರಿಂದ ಅವೆನ್ಯೂವಿನಲ್ಲಿ ಉತ್ತರದ ಕಡೆ ಮುಖಮಾಡಿ ನಿಂತವನಿಗೆ ನಡುಹಗಲಿನ ನೆರಳು ಬೀದಿಯ ನೇರದಿಂದ 29 ಡಿಗ್ರಿ ಎಡಕ್ಕೆ ಕಾಣಬೇಕು. ಚಿತ್ರದಲ್ಲಿ ಬೇರೆ ರೀತಿ ಕಂಡರೆ ಹೊತ್ತು ಬೇರೆ, ಇಲ್ಲವೇ ದಿಕ್ಕು ಬೇರೆ.

ಇದೇ ನಿಯಮವನ್ನು ಕಣ್ಣುಮುಚ್ಚಿ ಬೆಂಗಳೂರಿಗೆ ತರಬೇಡಿ. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದ್ದು, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆಗ ನೆರಳು ದಕ್ಷಿಣಕ್ಕೆ. ತರಗತಿಯಲ್ಲಿ ಒಂದು ಕೋಲು ನೆಟ್ಟು ಇದನ್ನು ತೋರಿಸಿದರೆ ಖಗೋಳಶಾಸ್ತ್ರದ ಪಾಠವೂ ಆದೀತು.

ಒಂದು ಹೋಲಿಕೆ

ಅದೇ ನಗರದ ಇನ್ನೊಂದು ಸಂಗ್ರಹವನ್ನು ಪಕ್ಕದಲ್ಲಿಟ್ಟು ನೋಡೋಣ. 1939ರಿಂದ 1941ರವರೆಗೆ ನಗರದ ತೆರಿಗೆ ಇಲಾಖೆ ಆಸ್ತಿಗಳ ಮೌಲ್ಯ ನಿರ್ಧರಿಸಲೆಂದು ಅಲ್ಲಿನ ಕಟ್ಟಡಗಳನ್ನೆಲ್ಲ ಚಿತ್ರಿಸಿತು. ಸುಮಾರು 7,20,000 ಚಿತ್ರಗಳು. 2018ರಲ್ಲಿ ನಗರದ ಪತ್ರಾಗಾರ ಇವನ್ನು ಅಂತರಜಾಲಕ್ಕೆ ಏರಿಸಿತು. ಮುಂದೆ ಇವುಗಳಿಗೂ ನಕ್ಷೆಯಾಯಿತು. ಇಲ್ಲಿ ಸ್ಥಳ ಗುರುತಿಸುವ ಕಷ್ಟ ಬಹಳ ಕಡಿಮೆ. ಕಾರಣ, ಚಿತ್ರ ತೆಗೆಯುವಾಗಲೇ ಕಟ್ಟಡದ ಮುಂದೆ ಬ್ಲಾಕ್ ಮತ್ತು ನಿವೇಶನದ ಸಂಖ್ಯೆಯ ಫಲಕವನ್ನು ಇಡುತ್ತಿದ್ದರು. ನಿವೇಶನಗಳು ಆಮೇಲೆ ಕೂಡಿಹೋಗಿರಬಹುದು, ಒಡೆದಿರಬಹುದು. ಆದರೂ ಯಾವ ಕಟ್ಟಡ ಎಂಬ ಬಗ್ಗೆ ಬಹುಮಟ್ಟಿಗೆ ಅನುಮಾನವಿಲ್ಲ.

ಕಲೆಯ ದೃಷ್ಟಿಯಿಂದ ಸ್ಪೆರ್ ಅವರ ಚಿತ್ರಗಳು ಮೇಲು. ಅವರ ಚಿತ್ರದಲ್ಲಿ ಬೀದಿ ಇದೆ, ಜನ ಇದ್ದಾರೆ. ತೆರಿಗೆಯ ಚಿತ್ರದಲ್ಲಿ ಗೋಡೆ ಮತ್ತು ಫಲಕ. ಆದರೆ ನಕ್ಷೆಗೆ ತೆರಿಗೆಯ ಚಿತ್ರವೇ ಮೇಲು. ಎಂಬತ್ತು ವರ್ಷಗಳ ನಂತರ ಯಾವ ತಂತ್ರಾಂಶವೂ ತುಂಬಿಕೊಡಲಾರದ ಮಾಹಿತಿಯನ್ನು ಅಂದು ಒಂದು ಫಲಕ ಹಿಡಿದಿಟ್ಟಿತು.

ಇನ್ನೊಂದು ಎಚ್ಚರಿಕೆಯೂ ಈ ಹೋಲಿಕೆಯಿಂದ ಸಿಗುತ್ತದೆ. ತೆರಿಗೆ ಇಲಾಖೆ ಎಲ್ಲ ಕಟ್ಟಡಗಳಿಗೂ ಹೋಯಿತು. ಛಾಯಾಗ್ರಾಹಕ ತನಗೆ ಮುಖ್ಯವೆನಿಸಿದ ಕಡೆ ಹೋಗುತ್ತಾನೆ. ಓಲ್ಡ್ ಎನ್‌ವೈಸಿಯಲ್ಲಿ ಚುಕ್ಕಿಗಳು ವಿರಳವಾದ ಕಡೆ ಜನ ವಿರಳವಾಗಿದ್ದರು ಎಂದು ತಿಳಿದರೆ ತಪ್ಪು. ಅಲ್ಲಿ ವಿರಳವಾಗಿದ್ದದ್ದು ಕ್ಯಾಮೆರಾ.

ನಮ್ಮ ಬೀದಿಗಳಿಗೆ

ಈಗ ನಮ್ಮ ಊರುಗಳ ಕಡೆ ಬರೋಣ. ಬೆಂಗಳೂರಿನ ಮಲ್ಲೇಶ್ವರದಂಥ ಬಡಾವಣೆಯಲ್ಲಿ ಮ್ಯಾನ್‌ಹಟನ್ ವಿಧಾನ ನಡೆದೀತು. ಅಲ್ಲಿ ಮುಖ್ಯರಸ್ತೆ, ಅಡ್ಡರಸ್ತೆಗಳಿಗೆ ಸಂಖ್ಯೆಗಳಿವೆ. ಆದರೆ ಬಡಾವಣೆಯ ಹೆಸರಿಲ್ಲದೆ '8ನೇ ಮುಖ್ಯರಸ್ತೆ' ಎಂದಷ್ಟೇ ಬರೆದ ಚಿತ್ರ ಫೋರ್ತ್ ಅವೆನ್ಯೂವಿನ ಪಾಡನ್ನೇ ಪಡುತ್ತದೆ. ಇನ್ನು ಚಿಕ್ಕಪೇಟೆ, ಬಳೇಪೇಟೆಗಳ ಓಣಿಗಳಲ್ಲಿ ಚೌಕುಳಿಯೇ ಇಲ್ಲ. ರಥಬೀದಿ ಎಂದರೆ ಉಡುಪಿಯಲ್ಲೂ ಇದೆ, ಮಂಗಳೂರಿನಲ್ಲೂ ಇದೆ. ಸೌತ್ ಪೆರೇಡ್ ಎಂದು ಬರೆದ ಚಿತ್ರವನ್ನು ಹುಡುಕುವವನಿಗೆ ಅದು 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತೆಂದು ತಿಳಿದಿರಬೇಕು. ನಮ್ಮ ಆಲ್ಬಮ್ಮುಗಳ ಹಿಂಬದಿಯಲ್ಲಿ ಸಿಗುವುದು 'ಅರಳಿಕಟ್ಟೆಯ ಎದುರು', 'ಕೆರೆ ಏರಿಯ ಮೇಲೆ' ಎಂಬಂಥ ಮಾತುಗಳು. ಇವನ್ನು ಬಿಡಿಸಬಲ್ಲವರು ಆ ಬೀದಿಯ ಹಿರಿಯರು.

ಇದರಲ್ಲಿ ಕಳೆದುಕೊಳ್ಳುವುದೇನು ಎಂದು ಕೇಳಬಹುದು. ಕೆರೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆಯ ಅಂಗಳ ಎಲ್ಲಿಯವರೆಗಿತ್ತು, ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು ಎಂಬ ಪ್ರಶ್ನೆಗಳು ಅನೇಕ ಊರುಗಳಲ್ಲಿ ಇಂದಿಗೂ ಜೀವಂತ. ಹಳೆಯ ಚಿತ್ರ ಅಲ್ಲಿ ಸಾಕ್ಷಿಯಾಗಬಲ್ಲದು. ಆದರೆ ನೂರು ಮೀಟರಿನ ಅನುಮಾನವಿರುವ ಚಿತ್ರವನ್ನು ಒಂದು ಗೇಣಿನ ಖಚಿತತೆಯಿಂದ ಕೂರಿಸಿದರೆ ಆ ಸಾಕ್ಷಿ ಕೆಡುತ್ತದೆ. ಒಬ್ಬರ ಮನೆ ಕೆರೆಯೊಳಗಿದೆ ಎಂದೋ, ಕೆರೆಯ ಭಾಗ ಒಣ ನೆಲವಾಗಿತ್ತು ಎಂದೋ ತಪ್ಪು ಹೇಳಿದಂತಾಗುತ್ತದೆ. ಒಮ್ಮೆ ತಪ್ಪು ಬಯಲಾದರೆ ಸರಿಯಾದ ಚುಕ್ಕಿಗಳನ್ನೂ ಯಾರೂ ನಂಬರು.

ನಿಮ್ಮ ಶಾಲೆಯ ವಿಜ್ಞಾನ ಸಂಘ ಈ ಕೆಲಸಕ್ಕೆ ಕೈಹಾಕುವುದಾದರೆ ಪ್ರತಿ ಚಿತ್ರಕ್ಕೂ ಏಳು ವಿವರಗಳನ್ನು ದಾಖಲಿಸಿ: ಹಿಂಬದಿಯ ಬರಹ ಇದ್ದದ್ದು ಇದ್ದ ಹಾಗೆ, ಬೀದಿಯ ಅಂದಿನ ಹೆಸರು, ಇಂದಿನ ಹೆಸರು, ಕ್ಯಾಮೆರಾ ನಿಂತ ಜಾಗ, ಅದು ನೋಡುತ್ತಿದ್ದ ದಿಕ್ಕು, ಎಷ್ಟು ಮೀಟರು ಆಚೀಚೆ ಇರಬಹುದೆಂಬ ಅಂದಾಜು, ಹಾಗೆಂದು ಹೇಳಲು ಆಧಾರವೇನು ಎಂಬುದು. ಆಧಾರ ಅಂಗಡಿಯ ಫಲಕವಾಗಿರಬಹುದು, ದೇವಸ್ಥಾನದ ಗೋಪುರವಾಗಿರಬಹುದು, ಇಬ್ಬರು ಹಿರಿಯರು ಬೇರೆಬೇರೆಯಾಗಿ ಹೇಳಿ ತಾಳೆಯಾದ ಮಾತಾಗಿರಬಹುದು. ನಕ್ಷೆಯಲ್ಲಿ ಚುಕ್ಕಿಯ ಬದಲು ಅಂದಾಜಿನ ಅಳತೆಯ ವೃತ್ತವನ್ನು ಎಳೆಯಿರಿ. ಖಚಿತವಾದದ್ದಕ್ಕೆ ಚಿಕ್ಕ ವೃತ್ತ, ಅನುಮಾನವಿದ್ದದ್ದಕ್ಕೆ ದೊಡ್ಡದು. ಜಾಗವೇ ತಿಳಿಯದ ಚಿತ್ರಗಳನ್ನು ನಕ್ಷೆಯ ಪಕ್ಕದಲ್ಲಿ ಬೇರೆ ಪಟ್ಟಿಯಾಗಿ ಇಡಿ. ಯಾರಾದರೂ ಗುರುತಿಸಿಯಾರು. ಮನೆಯೊಳಗಿನ, ಖಾಸಗಿ ಸಮಾರಂಭದ ಚಿತ್ರಗಳನ್ನು ಮನೆಯವರ ಒಪ್ಪಿಗೆಯಿಲ್ಲದೆ ಹಾಕಬೇಡಿ.

ಓಲ್ಡ್ ಎನ್‌ವೈಸಿಯನ್ನು ಖಂಡಿತ ನೋಡಿ, ವಿದ್ಯಾರ್ಥಿಗಳಿಗೂ ತೋರಿಸಿ. ಒಬ್ಬ ತಂತ್ರಜ್ಞ ಮತ್ತು ಒಂದು ಗ್ರಂಥಾಲಯ ಸೇರಿದರೆ ಎಷ್ಟು ಸಾಧ್ಯ ಎಂಬುದಕ್ಕೆ ಅದು ಒಳ್ಳೆಯ ನಿದರ್ಶನ. ನೋಡುವಾಗ ಮಾತ್ರ ಮೊದಲು ಚಿತ್ರದ ಹಿಂಬದಿಯ ಬರಹವನ್ನು ಓದಿಸಿ, ಚುಕ್ಕಿಯನ್ನು ಆಮೇಲೆ ತೋರಿಸಿ. ಬರಹಕ್ಕಿಂತ ಚುಕ್ಕಿ ಎಷ್ಟು ಹೆಚ್ಚು ಹೇಳುತ್ತಿದೆ ಎಂದು ಅವರೇ ಮೀಟರಿನಲ್ಲಿ ಲೆಕ್ಕ ಹಾಕಲಿ.