ಸ್ವಾಪ್ ಮಾಡುವುದಿದ್ದರೆ ಗೆಸ್ಟ್ ಮಾಡಲಿ

ಕೊಕ್ಕಡದಂಥ ಊರಲ್ಲಿ ವರ್ಚುವಲ್ ಮೆಷಿನ್ ಯಾಕೆ ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ: ಪೇಜ್‌ಮೇಕರ್. ಕೋರಿ ಜಾತ್ರೆಯ ಹೊತ್ತಿಗೆ ಯಾರಾದರೊಬ್ಬರು ಹಳೆಯ ಆಮಂತ್ರಣದ ಫೈಲು ಹಿಡಿದುಕೊಂಡು ಬರುತ್ತಾರೆ. ಯುನಿಕೋಡ್‌ಗೆ ಮುಂಚಿನ ನುಡಿಯದೋ ಶ್ರೀಲಿಪಿಯದೋ ಫಾಂಟ್. ಅದಕ್ಕೆಂದೇ ಒಂದು ವಿಂಡೋಸ್ ಎಕ್ಸ್‌ಪಿ ಸಾಕಿದ್ದೇನೆ. 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಕೈಬಿಟ್ಟ ಸಿಸ್ಟಮ್ ಅದು. ಹಾಗಾಗಿ ಇಂಟರ್‌ನೆಟ್ ಕೊಡದೆ ಲಿನಕ್ಸ್‌ನ ಕೆವಿಎಂ ಒಳಗೆ ಕೂರಿಸಿದ್ದೇನೆ. ಜೊತೆಗೆ ಇನ್ನೆರಡು ಗೆಸ್ಟ್‌ಗಳು. ಹೋಸ್ಟ್‌ನಲ್ಲಿರುವುದು 8 ಜಿಬಿ ರ‍್ಯಾಮ್.

ಹೊಸಬರು ಇಲ್ಲಿ ಧಾರಾಳಿಗಳಾಗಿ ಮೂರಕ್ಕೂ 4 ಜಿಬಿಯಂತೆ ಬರೆದುಬಿಡುತ್ತಾರೆ. ಹೋಸ್ಟ್ ತಕರಾರು ಮಾಡುವುದಿಲ್ಲ, ಏಕೆಂದರೆ ಗೆಸ್ಟ್ ಮುಟ್ಟಿದ ಪುಟಕ್ಕಷ್ಟೇ ಅದು ನಿಜವಾದ ಮೆಮೊರಿ ಕೊಡುವುದು. ಆದರೆ ಕೊಟ್ಟದ್ದು ಸುಲಭಕ್ಕೆ ವಾಪಸ್ ಬರುವುದಿಲ್ಲ. ಗೆಸ್ಟ್ ತನ್ನಲ್ಲಿ ಖಾಲಿ ಎಂದುಕೊಂಡ ಪುಟವೂ ಹೋಸ್ಟ್‌ನ ಲೆಕ್ಕದಲ್ಲಿ ಬಳಕೆಯಲ್ಲಿದ್ದದ್ದೇ. ಮೂರೂ ಉಬ್ಬಿದ ಮೇಲೆ ಹೋಸ್ಟ್ ಪುಟಗಳನ್ನು ಡಿಸ್ಕಿಗೆ ಸಾಗಿಸತೊಡಗುತ್ತದೆ.

ಒಂದೇ ಅಂಗಳದಲ್ಲಿ ಮೂರು ಮನೆಯವರು ಅಡಿಕೆ ಹರಡಿದ್ದಾರೆ ಎನ್ನಿ. ಜಾಗ ಸಾಲದೆ ಅಂಗಳದ ಯಜಮಾನನೇ ಬಾಚಿ ಅಟ್ಟಕ್ಕೆ ಏರಿಸಿದರೆ ಹಸಿ ಯಾವುದು, ಒಣಗಿದ್ದು ಯಾವುದು, ಸಂಜೆಯೇ ಅಂಗಡಿಗೆ ಹೋಗಬೇಕಾದ್ದು ಯಾವುದು, ಅವನಿಗೇನು ಗೊತ್ತು? ‘ನಿಮ್ಮದು ಸ್ವಲ್ಪ ತೆಗೆಯಿರಿ ಮಾರಾಯ್ರೆ’ ಎಂದರೆ ಅವರವರೇ ಆರಿಸಿ ತೆಗೆದಾರು. ಬಲೂನ್ ಡ್ರೈವರ್ ಮಾಡುವುದು ಇದನ್ನೇ. ಗೆಸ್ಟ್‌ನ ಒಳಗೇ ಕೂತು ಮೆಮೊರಿ ಕೇಳಿ ಪಡೆದು, ಆ ಪುಟಗಳನ್ನು ಹೋಸ್ಟ್‌ಗೆ ಬಿಟ್ಟುಕೊಡುತ್ತದೆ. ಯಾವುದನ್ನು ಬಿಡಬೇಕೆಂಬ ತೀರ್ಮಾನ ಗೆಸ್ಟ್‌ನದೇ. ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರ ಪ್ರಬಂಧದಲ್ಲಿ ವಿವರಿಸಿದ ಈ ಉಪಾಯಕ್ಕಿಂತ ಸೊಗಸಾದದ್ದು ಈ ಕ್ಷೇತ್ರದಲ್ಲಿ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಯ ಕೆವಿಎಂನಲ್ಲಿ ಮಾತ್ರ ಬಲೂನು ತಾನಾಗಿ ಉಬ್ಬದು, ‘ವರ್ಶ್ ಸೆಟ್‌ಮೆಮ್’ ಎಂದು ನಾವೇ ಹೇಳಬೇಕು.

ಹೇಳದಿದ್ದರೆ ಏನಾಗುತ್ತದೆ? ಹೋಸ್ಟ್ ಒಂದು ಪುಟವನ್ನು ಆಗಲೇ ಡಿಸ್ಕಿಗೆ ಹಾಕಿರುತ್ತದೆ. ಅದರ ಸುಳಿವಿಲ್ಲದ ಗೆಸ್ಟ್ ಅದೇ ಪುಟವನ್ನು ತನ್ನ ಸ್ವಾಪಿಗೆ ಕಳಿಸಲು ಹೊರಡುತ್ತದೆ. ಬರೆಯಬೇಕಾದರೆ ಓದಬೇಕಲ್ಲ! ಡಿಸ್ಕಿನಿಂದ ರ‍್ಯಾಮ್‌ಗೆ ತಂದು ಮತ್ತೆ ಡಿಸ್ಕಿಗೇ ಬರೆಯುವ ದಂಡದ ಕೆಲಸ. ಹಾರ್ಡ್‌ಡಿಸ್ಕ್ ರ‍್ಯಾಮ್‌ಗಿಂತ ಸುಮಾರು ಲಕ್ಷ ಪಟ್ಟು ನಿಧಾನ, ಎಸ್‌ಎಸ್‌ಡಿ ಕೂಡ ಸಾವಿರ ಪಟ್ಟಿನ ಆಸುಪಾಸು. ಗೆಸ್ಟ್‌ನ ಒಳಗೆ ನೋಡಿದರೆ ಮೆಮೊರಿ ಧಾರಾಳ ಖಾಲಿ, ಮೌಸ್ ಮಾತ್ರ ಅಲ್ಲಾಡದು. ಈ ಲಕ್ಷಣ ಕಂಡರೆ ಗೆಸ್ಟ್‌ನಲ್ಲಿ ತಡಕಾಡಬೇಡಿ, ಹೋಸ್ಟ್‌ನಲ್ಲಿ ‘ವಿಎಂಸ್ಟ್ಯಾಟ್ 1’ ಓಡಿಸಿ. ಎಸ್‌ಐ, ಎಸ್‌ಓ ಎಂಬ ಎರಡು ಕಾಲಂಗಳಲ್ಲಿ ಸೊನ್ನೆ ನಿಂತಿದ್ದರೆ ಆರಾಮ. ಸ್ವಾಪಿನಲ್ಲಿ ಹಳೆಯ ಸಾಮಾನು ಬಿದ್ದುಕೊಂಡಿದ್ದರೆ ಬಿದ್ದಿರಲಿ. ಅಂಕಿ ಸತತ ಕುಣಿಯುತ್ತಿದ್ದರೆ ಯಾವುದೋ ಗೆಸ್ಟ್‌ನ ಪಾಲು ಕತ್ತರಿಸಲೇಬೇಕು. ಎಕ್ಸ್‌ಪಿಗೂ ಪೇಜ್‌ಮೇಕರ್‌ಗೂ 512 ಎಂಬಿ ಬೇಕಾದಷ್ಟಾಯಿತು.

ಒಂದೇ ಥರದ ಪುಟಗಳನ್ನು ಒಂದಾಗಿಸುವ ಕೆಎಸ್‌ಎಂ 2009ರಿಂದ ಲಿನಕ್ಸ್‌ನಲ್ಲಿದೆ. ಬೇರೆ ಬೇರೆ ಸಿಸ್ಟಮ್‌ಗಳಿರುವ ನನ್ನ ಪೆಟ್ಟಿಗೆಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಇಷ್ಟು ಓದಿ ಹೋಸ್ಟ್‌ನ ಸ್ವಾಪನ್ನೇ ತೆಗೆದುಹಾಕಲು ಹೋಗಬೇಡಿ. ಮೆಮೊರಿ ಪೂರ್ತಿ ಮುಗಿದಾಗ ಲಿನಕ್ಸ್ ಸಾಮಾನ್ಯವಾಗಿ ಅತಿ ಹೆಚ್ಚು ತಿಂದ ಪ್ರೋಗ್ರಾಮನ್ನೇ ಹುಡುಕಿ ಕೊಲ್ಲುತ್ತದೆ. ಕೆವಿಎಂ ಹೋಸ್ಟ್‌ನಲ್ಲಿ ಅದು ಬಹುತೇಕ ನಿಮ್ಮ ವರ್ಚುವಲ್ ಮೆಷಿನ್ನೇ ಆಗಿರುತ್ತದೆ.