ಮಾಸ್ಟರ್ ಬೆಡ್‌ರೂಮಿನ ಮರದ ನೆಲ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬ್ರೋಷರ್ ಓದಿದವರಿಗೆ ಕೊನೆಯ ಪುಟದ ಪಟ್ಟಿ ಬಾಯಿಪಾಠವಾಗಿರುತ್ತದೆ. ಹಾಲ್‌ಗೆ ವಿಟ್ರಿಫೈಡ್ ಟೈಲ್ಸ್, ಬಾತ್‌ರೂಮಿಗೆ ಜಾರದ ಸೆರಾಮಿಕ್, ಅಡುಗೆಮನೆಗೆ ಗ್ರಾನೈಟ್ ಕಟ್ಟೆ. ಮಾಸ್ಟರ್ ಬೆಡ್‌ರೂಮಿಗೆ ಮಾತ್ರ, ಬಹಳಷ್ಟು ಕಡೆ, ಲ್ಯಾಮಿನೇಟೆಡ್ ವುಡನ್ ಫ್ಲೋರಿಂಗ್. ಮಾಡೆಲ್ ಫ್ಲ್ಯಾಟ್ ತೋರಿಸುವವರು ಆ ಕೋಣೆಗೆ ಬಂದಾಗ ದನಿ ಸ್ವಲ್ಪ ಇಳಿಸಿ, ‘ರೀಸೇಲ್‌ಗೂ ಒಳ್ಳೇದು ಸರ್’ ಎಂದು ಸೇರಿಸುತ್ತಾರೆ. ಈ ಮಾತು ಹುಟ್ಟಿದ್ದು ಬೇರೆ ದೇಶದಲ್ಲಿ. ಅಲ್ಲಿ ಅದು ಬಹುಮಟ್ಟಿಗೆ ನಿಜ ಕೂಡ.

ಅಮೆರಿಕದಲ್ಲಿ ಇದಕ್ಕೆ ಲೆಕ್ಕವೇ ಇದೆ. ಅಲ್ಲಿನ ಮನೆ ಏಜೆಂಟರ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ 2022ರಲ್ಲಿ ಮನೆ ನವೀಕರಣದ ಬಗ್ಗೆ ಒಂದು ವರದಿ ತಂದಿತು. ಹಳೆಯ ಗಟ್ಟಿಮರದ ನೆಲವನ್ನು ಉಜ್ಜಿ ಪಾಲಿಶ್ ಮಾಡಿಸಲು 3,400 ಡಾಲರ್ ಖರ್ಚಾದರೆ ಮಾರುವಾಗ 5,000 ಡಾಲರ್ ಮರಳುತ್ತದೆ, ಅಂದರೆ ಶೇ. 147 ಎಂದು ಅದು ಹೇಳಿತು. ಹೊಸದಾಗಿ ಮರ ಹಾಸಿದರೆ ಮರಳುವುದು ಶೇ. 118. ಇವು ಕ್ರಯಪತ್ರಗಳನ್ನು ಜಾಲಾಡಿ ತೆಗೆದ ಅಂಕಿಗಳಲ್ಲ, ಏಜೆಂಟರ ಅಂದಾಜುಗಳು. ಮನೆ ಮಾರಿಸಿ ಕಮಿಷನ್ ಪಡೆಯುವವರು ಕೊಟ್ಟ ಲೆಕ್ಕವನ್ನು ಅಷ್ಟು ಉಪ್ಪುಕಾರ ಬಿಟ್ಟೇ ಓದಬೇಕು. ಆದರೂ ಆ ಎರಡು ಅಂಕಿಗಳ ನಡುವಿನ ಅಂತರ ಕುತೂಹಲ ಹುಟ್ಟಿಸುತ್ತದೆ. ಹೊಸ ಮರಕ್ಕೆ ಹಾಕಿದ ದುಡ್ಡಿಗಿಂತ ಮೊದಲೇ ಇದ್ದ ಮರಕ್ಕೆ ಹಾಕಿದ ದುಡ್ಡಿಗೆ ಅಲ್ಲಿ ಹೆಚ್ಚು ಪ್ರತಿಫಲ.

ಕಾರಣ ಆ ನೆಲವನ್ನು ಕಟ್ಟಿದ ರೀತಿಯಲ್ಲಿದೆ. ಮುಕ್ಕಾಲು ಇಂಚು ದಪ್ಪದ, ಎರಡೂಕಾಲು ಇಂಚು ಅಗಲದ ಓಕ್ ಪಟ್ಟಿಗಳನ್ನು ಒಂದರ ಅಂಚು ಇನ್ನೊಂದರ ತೋಡಿನೊಳಗೆ ಕೂರುವಂತೆ ಜೋಡಿಸಿ ಮೊಳೆ ಹೊಡೆಯುತ್ತಾರೆ. ಮನೆಯ ಅಸ್ಥಿಪಂಜರವೇ ಮರದ್ದಾದ್ದರಿಂದ ನೆಲವೂ ಮನೆಯ ಅಂಗವಾಗಿಬಿಡುತ್ತದೆ. ಗೀರು ಬಿದ್ದು ಬಣ್ಣಗೆಟ್ಟರೆ ಮೆಷಿನ್ ತಂದು ಮೇಲ್ಪದರವನ್ನು ಉಜ್ಜಿದರಾಯಿತು, ಕೆಳಗೆ ಹೊಸ ಮರ ಸಿಗುತ್ತದೆ. ಹೀಗೆ ಹಲವು ಬಾರಿ ಮಾಡಬಹುದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಇಂಥ ಎಷ್ಟೋ ನೆಲಗಳು ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟಿನಡಿ ಮುಚ್ಚಿಹೋಗಿದ್ದವು. ಕಾರ್ಪೆಟ್ ಕಿತ್ತು ಓಕ್ ಸಿಕ್ಕಿದರೆ ಮನೆಯವರಿಗೆ ಹಬ್ಬ. ಅಲ್ಲಿ ಮರದ ಎದುರಾಳಿ ಕಾರ್ಪೆಟ್ಟೇ ಎಂಬುದನ್ನು ನೆನಪಿಡಬೇಕು. ದೂಳು, ನಾಯಿಕೂದಲು, ಅಲರ್ಜಿಗಳ ಆ ಹಾಸಿನ ಪಕ್ಕದಲ್ಲಿ ಮರ ಗೆಲ್ಲದೆ ಇರುವುದಿಲ್ಲ. ನ್ಯೂಜೆರ್ಸಿ, ಡಲ್ಲಾಸ್ ಕಡೆಯ ನಮ್ಮವರ ಮನೆಗಳಲ್ಲೂ ಇದೇ ಆಸೆ ಕಾಣುತ್ತದೆ. ಚಪ್ಪಲಿ ಬಾಗಿಲಲ್ಲೇ ಬಿಡುವ ನಮ್ಮ ಅಭ್ಯಾಸದಿಂದ ಓಕ್ ನೆಲಕ್ಕೆ ಅಷ್ಟು ಆಯಸ್ಸು ಕೂಡಿಯೇ ಬರುತ್ತದೆ.

ಬ್ರೋಷರಿನ ನೆಲ ಇದಲ್ಲ. ಲ್ಯಾಮಿನೇಟ್ ನೆಲ ಸ್ವೀಡನ್ನಿನ ಪರ್ಸ್‌ಟಾರ್ಪ್ ಕಂಪನಿ 1970ರ ದಶಕದಲ್ಲಿ ರೂಪಿಸಿದ ವಸ್ತು. ಪರ್ಗೊ ಎಂಬ ಬ್ರ್ಯಾಂಡಿನ ಹೆಸರು ಬಂದದ್ದು ಅಲ್ಲಿಂದಲೇ. ಮರದ ಪುಡಿ, ನಾರುಗಳನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆಯ ಮೇಲೆ ಮರದ ಫೋಟೊ ಅಚ್ಚಾದ ಕಾಗದ, ಅದರ ಮೇಲೆ ಸವೆತ ತಡೆಯುವ ಪಾರದರ್ಶಕ ಪದರ. ಸಾಮಾನ್ಯವಾಗಿ 8 ಮಿಲಿಮೀಟರ್ ದಪ್ಪ. ಕೆಳಗೆ ಫೋಮ್ ಹಾಳೆ ಹಾಸಿ ಪಟ್ಟಿಗಳನ್ನು ಕ್ಲಿಕ್ ಮಾಡಿ ಕೂರಿಸುತ್ತಾರೆ, ನಡೆದರೆ ಟೊಳ್ಳು ಸದ್ದು. ಇದನ್ನು ಉಜ್ಜುವಂತಿಲ್ಲ, ಉಜ್ಜಿದರೆ ಫೋಟೊ ಹೋಗುತ್ತದೆ. ಅಮೆರಿಕದ ಆ ಶೇ. 147ರ ಹಿಂದಿದ್ದ ಗುಣವೇ ಇದರಲ್ಲಿಲ್ಲ. ವಸ್ತುವಾಗಿ ಇದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅಗ್ಗ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ, ಬೆಳಗಿನ ಜಾವ ಕಾಲಿಗೆ ತಣ್ಣಗೆ ಚುಚ್ಚುವುದಿಲ್ಲ. ಬಾಡಿಗೆ ಮನೆಗೋ ಅಂಗಡಿಗೋ ಧಾರಾಳವಾಗಿ ಸಾಕು. ಇನ್ನೊಂದರ ಕೀರ್ತಿಯನ್ನು ಇದರ ಬೆನ್ನಿಗೆ ಕಟ್ಟಿ ಮಾರುವುದಕ್ಕೆ ಮಾತ್ರ ನನ್ನ ತಕರಾರು.

ಇದನ್ನು ಹಾಕುವ ಜಾಗವನ್ನಾದರೂ ನೋಡಿ. ಇಡೀ ಮನೆಯಲ್ಲಿ ಅಟ್ಯಾಚ್ಡ್ ಬಾತ್‌ರೂಮು, ಅನೇಕ ಸಲ ಬಾಲ್ಕನಿಯೂ ಇರುವ ಕೋಣೆ ಅದು. ಸ್ನಾನ ಮಾಡಿದ ಒದ್ದೆ ಕಾಲು ಒಂದು ಕಡೆಯಿಂದ, ಜುಲೈ ತಿಂಗಳ ಎರಚಲು ಇನ್ನೊಂದು ಕಡೆಯಿಂದ. ಕೆಲಸದವರು ಬಕೆಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧಂಬರ್ಧ ಹಿಂಡಿ ಒರೆಸುತ್ತಾರೆ. ನೀರು ಜೋಡಣೆಯ ಸಂದಿಗೆ ಇಳಿದರೆ ಹಲಗೆಯ ಅಂಚು ಊದಿಕೊಳ್ಳುತ್ತದೆ, ಒಣಗಿದರೂ ಮೊದಲಿನಂತೆ ಕೂರುವುದಿಲ್ಲ. ನೆಲಮಹಡಿಯಾದರೆ ಗೆದ್ದಲಿನ ಮಾತು ಬೇರೆ. ಫ್ಲ್ಯಾಟ್ ಕೈ ಬದಲಾಗುವ ಹೊತ್ತಿಗೆ ಇಂಥ ನೆಲದ ಬಾತ್‌ರೂಮ್ ಬಾಗಿಲ ಬಳಿ ಎರಡು ಪಟ್ಟಿ ಎದ್ದಿದ್ದರೆ ಆಶ್ಚರ್ಯವಿಲ್ಲ. ಕೊಳ್ಳಲು ಬಂದವರು ಅದನ್ನು ನೋಡಿ ಸೋರಿಕೆಯ ಗುಮಾನಿ ಪಡುತ್ತಾರೆ. ಬೆಲೆ ಏರಿಸಬೇಕಿದ್ದ ನೆಲವೇ ಆಗ ಚೌಕಾಸಿಗೆ ದಾರಿ ಮಾಡಿಕೊಡುತ್ತದೆ.

ಲೆಕ್ಕವನ್ನೂ ಹಾಕಿಬಿಡೋಣ. 12 ಅಡಿಗೆ 14 ಅಡಿ ಕೋಣೆ ಎಂದರೆ 168 ಚದರಡಿ. ಚದರಡಿಗೆ 150 ರೂಪಾಯಿ ಎಂದಿಟ್ಟುಕೊಂಡರೆ 25,200 ರೂಪಾಯಿ. ಫ್ಲ್ಯಾಟಿನ ಬೆಲೆ 1 ಕೋಟಿ 20 ಲಕ್ಷವಾದರೆ ಅದರಲ್ಲಿ ಇದು ಶೇ. 0.21. ಮಾತುಕತೆಯಲ್ಲಿ ‘ರೌಂಡ್ ಫಿಗರ್ ಮಾಡಿ’ ಎಂಬ ಒಂದು ಮಾತಿಗೆ ಇದರ ಹತ್ತು ಪಟ್ಟು ಕರಗಿಹೋಗುತ್ತದೆ.

ನೆಲ ಫ್ಲ್ಯಾಟಿನ ಬೆಲೆ ಏರಿಸದಿರಲು ಇದಕ್ಕಿಂತ ಆಳದ ಕಾರಣವೊಂದಿದೆ. ಬೆಂಗಳೂರಿನಲ್ಲಿ ಬೆಲೆ ಏರುವುದು ಬಹುಪಾಲು ಮಣ್ಣಿಗೆ. ಕಟ್ಟಡಕ್ಕೆ ವರ್ಷವರ್ಷ ಸವಕಳಿ. ಫ್ಲ್ಯಾಟಿನವರ ಪಾಲಿಗೆ ಆ ಮಣ್ಣು ಎಂದರೆ ಯುಡಿಎಸ್, ಅಂದರೆ ಭೂಮಿಯ ಅವಿಭಜಿತ ಪಾಲು. ಬ್ಯಾಂಕಿನ ವ್ಯಾಲ್ಯುಯರ್ ಬಂದಾಗ ಅವರ ಫಾರಮ್ಮಿನಲ್ಲಿ ಫ್ಲೋರಿಂಗ್ ಎಂಬ ಕಾಲಮ್ಮೂ ಇರುತ್ತದೆ, ಒಂದು ಪದ ಬರೆದು ಮುಂದೆ ಹೋಗುತ್ತಾರೆ. ಕೊಳ್ಳುವವರು ಕೇಳುವುದು ಎ ಖಾತಾ ಇದೆಯೇ, ಓಸಿ (ಸ್ವಾಧೀನಾನುಭವ ಪತ್ರ) ಸಿಕ್ಕಿದೆಯೇ, ಕಾವೇರಿ ನೀರು ಬರುತ್ತದೆಯೇ, ಟ್ಯಾಂಕರ್ ಎಷ್ಟು, ಮೆಟ್ರೊ ಎಷ್ಟು ದೂರ. ಹಲವು ಕೋಟಿಯ ವಿಲ್ಲಾಗಳದ್ದು ಬೇರೆ ಕಥೆ. ಅಲ್ಲಿ ನಿಜವಾದ ಮರದ ಮೇಲ್ಪದರವಿರುವ ಎಂಜಿನಿಯರ್ಡ್ ಓಕ್ ಹಾಸಿರುತ್ತಾರೆ, ಕೊಳ್ಳುವವರೂ ಪದರ ಎಷ್ಟು ಮಿಲಿಮೀಟರ್ ಎಂದು ಕೇಳುವಷ್ಟು ತಿಳಿದವರು.

ಮರದ ಬಗ್ಗೆ ನಮ್ಮ ನಾಡಿಗೆ ಅಜ್ಞಾನವೇನೂ ಇರಲಿಲ್ಲ. ಮಲೆನಾಡಿನ ತೊಟ್ಟಿಮನೆಗಳಲ್ಲಿ ಕಂಬ, ಬಾಗಿಲು, ತೊಲೆ, ಮಹಡಿಯ ಹಲಗೆ ಎಲ್ಲವೂ ಮರ. ಹಲಸು, ಹೊನ್ನೆ, ಬೀಟೆ, ಸಾಗುವಾನಿಗಳಲ್ಲಿ ಯಾವುದು ಎಲ್ಲಿಗೆ ಎಂಬುದು ಬಡಗಿಗೆ ಗೊತ್ತಿತ್ತು. ಆದರೆ ಕೆಳಗಿನ ನೆಲಕ್ಕೆ ಮಾತ್ರ ಸಗಣಿ ಸಾರಿಸಿದ ಮಣ್ಣು, ಆಮೇಲೆ ರೆಡ್ ಆಕ್ಸೈಡ್. ನೀರು ಸುರಿದು ತೊಳೆಯುವ, ಗೆದ್ದಲು ಏಳುವ ಜಾಗದಲ್ಲಿ ಮರ ಹಾಸಬಾರದೆಂಬುದು ಅನುಭವದ ತೀರ್ಮಾನವಿರಬೇಕು.

ಆ ರೆಡ್ ಆಕ್ಸೈಡಿನ ಕಥೆ ಇನ್ನೂ ಮಜವಾಗಿದೆ. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿ 2008ರಲ್ಲಿ ತಂದ ಆಸ್ತಿ ತೆರಿಗೆ ಪದ್ಧತಿಯಲ್ಲಿ ಸಿಮೆಂಟ್ ಅಥವಾ ರೆಡ್ ಆಕ್ಸೈಡ್ ನೆಲವಿರುವ ಆರ್‌ಸಿಸಿ ಮನೆಗಳಿಗೆ ಪ್ರತ್ಯೇಕ ವರ್ಗವಿತ್ತು, ದರವೂ ಕಡಿಮೆ. ಕೆಂಪು ನೆಲ ಎಂದರೆ ಸಾಧಾರಣ ಮನೆ ಎಂಬುದು ಆಗಿನ ಸರ್ಕಾರಿ ಲೆಕ್ಕ. ಈಗ ಅದನ್ನು ಹಾಕಬಲ್ಲ ಮೇಸ್ತ್ರಿಯನ್ನು ಹುಡುಕಿ ವಾಸ್ತುಶಿಲ್ಪಿಗಳು ಅಲೆಯುತ್ತಿದ್ದಾರೆ. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಯನ್ನು ಕೆಫೆ ಮಾಡುವವರು ಆ ನೆಲವನ್ನೇ ಮುಂದಿಟ್ಟು ಫೋಟೊ ಹಾಕುತ್ತಾರೆ. ಅಮೆರಿಕದ ಹಳೆಯ ಓಕ್‌ಗೆ ನಮ್ಮಲ್ಲಿ ಜೋಡಿ ಹುಡುಕಬೇಕಾದರೆ ಇಲ್ಲೇ ಹುಡುಕಬೇಕು, ಇಲ್ಲವೆ ಮತ್ತೆ ಪಾಲಿಶ್ ಹಿಡಿಸಬಹುದಾದ ಮೊಸಾಯಿಕ್, ಗ್ರಾನೈಟುಗಳಲ್ಲಿ. ವಿಪರ್ಯಾಸವೆಂದರೆ ಮನೆ ಮಾರಲು ಹೊರಟವರಿಗೆ ಏಜೆಂಟರು ಕೊಡುವ ಸಲಹೆ, ಹಳೇ ಮೊಸಾಯಿಕ್ ಮೇಲೆಯೇ ಲ್ಯಾಮಿನೇಟ್ ಹಾಸಿಬಿಡಿ ಎಂಬುದು. ಮೊಸಾಯಿಕ್ಕಿಗೆ ಪಾಲಿಶ್ ಹೊಡೆಸಿ, ಗೋಡೆಯ ತೇವ ನಿಲ್ಲಿಸಿ, ಖಾತೆಯ ಕಾಗದಗಳನ್ನು ಸರಿಮಾಡಿಟ್ಟುಕೊಂಡರೆ ಅದೇ ದುಡ್ಡಿಗೆ ಹೆಚ್ಚು ಕೆಲಸವಾಗುತ್ತದೆ.