ತೆಂಗ್ವಾರ್ ಲಿಪಿಯೂ ಅದರ ಅಕ್ಷರಚಿತ್ರಗಳೂ

ಆಂಗ್ಲ ಭಾಷಾಶಾಸ್ತ್ರಜ್ಞನಾದ ಜೆ. ಆರ್. ಆರ್. ಟೋಲ್ಕಿನನು (1892–1973) ತನ್ನ ಕಲ್ಪಿತ ಲೋಕಕ್ಕಾಗಿ ನಿರ್ಮಿಸಿದ ಲಿಪಿಗಳಲ್ಲಿ ತೆಂಗ್ವಾರ್ ಎಂಬುದು ಪ್ರಧಾನವಾದುದು. ಇದರ ಲಕ್ಷಣವು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಗ್ರಂಥದ ಮೂರನೆಯ ಸಂಪುಟದ (1955) ಅನುಬಂಧದಲ್ಲಿ ನಿರೂಪಿತವಾಗಿದೆ. ಓರೆಗೆರೆ, ಅಡಿಗೆರೆ, ಆವರಣ ಮೊದಲಾದ ಮುದ್ರಣಚಿಹ್ನೆಗಳನ್ನೇ ಸಾಲುಸಾಲಾಗಿ ಜೋಡಿಸಿ ದೊಡ್ಡ ಅಕ್ಷರಗಳನ್ನು ರಚಿಸುವ ಫಿಗ್ಲೆಟ್ ಎಂಬ ಗಣಕಸಾಧನವು 1991ರಲ್ಲಿ ಹುಟ್ಟಿತು. ಅದಕ್ಕಾಗಿ ಸಿದ್ಧವಾದ ಅಕ್ಷರಮಾಲೆಗಳಲ್ಲಿ ತೆಂಗ್ವಾರ್ ಕೂಡ ಒಂದು. ಇಂತಹ ರಚನೆಯು ನೋಟಕ್ಕೆ ರಮ್ಯವೇ ಎಂಬುದಕ್ಕಿಂತ, ಓದಲು ಯೋಗ್ಯವೇ ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ತೆಂಗ್ವಾರಿನ ಮೂಲಾಕ್ಷರಗಳು 24; ಅವು ನಾಲ್ಕು ಶ್ರೇಣಿಗಳಲ್ಲಿಯೂ ಆರು ದರ್ಜೆಗಳಲ್ಲಿಯೂ ವಿಭಕ್ತವಾಗಿವೆ. ಪ್ರತಿಯೊಂದಕ್ಕೂ ಒಂದು ಕಂಬ, ಒಂದು ಬಿಲ್ಲು. ಬಿಲ್ಲನ್ನು ಇಮ್ಮಡಿಸಿದರೆ ಅಘೋಷವು ಘೋಷವಾಗುತ್ತದೆ. ಕಂಬವನ್ನು ಮೇಲಕ್ಕೆತ್ತಿದರೆ ಸ್ಪರ್ಶವು ಊಷ್ಮವಾಗುತ್ತದೆ. ಕನ್ನಡದ ವರ್ಗಕ್ರಮವು ಅಕ್ಷರಗಳ ಅನುಕ್ರಮದಲ್ಲಿ ಮಾತ್ರ ತೋರುವುದು. ತ, ದ ಎಂಬವುಗಳ ಸಂಬಂಧವನ್ನು ಅವುಗಳ ಆಕಾರವು ಹೇಳುವುದಿಲ್ಲ. ತೆಂಗ್ವಾರಿನಲ್ಲಿಯಾದರೋ ಆ ಸಂಬಂಧವು ಆಕಾರದಲ್ಲಿಯೇ ಅಡಗಿದೆ.

ಆದಕಾರಣ ಚಿತ್ರಕಾರನು ಬಾಗುಗಳನ್ನು ಮುರಿದು ಓರೆಗೆರೆಗಳನ್ನಾಗಿ ಮಾಡಿದರೆ ದೋಷವಿಲ್ಲ. ಅದರಿಂದ ಸೊಬಗು ಕುಂದೀತು, ಅರ್ಥವು ಕೆಡದು. ಆದರೆ ಅಗಲವನ್ನು ಮೊಟಕುಮಾಡಿ ಎರಡು ಬಿಲ್ಲುಗಳನ್ನು ಒಂದಾಗಿಸಿದರೆ ತಕಾರದಕಾರಗಳ ಭೇದವೇ ಅಳಿಯುವುದು. ಫಿಗ್ಲೆಟ್ಟಿನ ಒಂದು ಮಾಲೆಯಲ್ಲಿ ಎಲ್ಲ ಅಕ್ಷರಗಳಿಗೂ ಸಾಲುಗಳ ಸಂಖ್ಯೆ ಒಂದೇ ಆಗಿರಬೇಕು. ಆ ಸಾಲುಗಳೊಳಗೆ ಇಳಿದ ಕಂಬಕ್ಕೂ ಎತ್ತಿದ ಕಂಬಕ್ಕೂ ಪ್ರತ್ಯೇಕವಾದ ಎಡೆಯಿಲ್ಲದಿದ್ದರೆ ಸ್ಪರ್ಶೋಷ್ಮಗಳು ಬೆರೆತುಹೋಗುವುವು.

ಸ್ವರಗಳ ವಿಷಯವು ಇನ್ನೂ ಕಠಿನವಾದುದು. ಉಂಗುರದ ಮೇಲಣ ಪ್ರಸಿದ್ಧ ಲೇಖದಲ್ಲಿ ಸ್ವರಗಳು ವ್ಯಂಜನದ ತಲೆಯ ಮೇಲೆ ಕುಳಿತ ಚಿಹ್ನೆಗಳು. ಮೋರಿಯಾದ ಪಡುವಣ ಬಾಗಿಲಿನ ಲೇಖದಲ್ಲಿ ಅವು ಪೂರ್ಣಾಕ್ಷರಗಳು. ಅಕ್ಷರಗಳನ್ನು ಪಕ್ಕಪಕ್ಕದಲ್ಲಿ ಇರಿಸುತ್ತ ಹೋಗುವುದೇ ಫಿಗ್ಲೆಟ್ಟಿನ ಕ್ರಮವಾದುದರಿಂದ ಬಾಗಿಲಿನ ರೀತಿಯು ಅದಕ್ಕೆ ಸಹಜವಾಗಿ ಒಗ್ಗುತ್ತದೆ, ಉಂಗುರದ ರೀತಿಯು ಒಗ್ಗದು. ಗುಣಿತವನ್ನೂ ಒತ್ತಕ್ಷರವನ್ನೂ ಬಲ್ಲ ಕನ್ನಡಿಗರಿಗೆ ಈ ತೊಡಕು ಅಪರಿಚಿತವಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯವು ಚಿತ್ರದಲ್ಲಿಲ್ಲ, ಕೀಲಿಮಣೆಯಲ್ಲಿದೆ. ರೋಮನ್ ಅಕ್ಷರವೊಂದಕ್ಕೆ ತೆಂಗ್ವಾರ್ ಒಂದರಂತೆ ಬದಲಿಯಿಟ್ಟರೆ, ಇಂಗ್ಲಿಷಿನಲ್ಲಿ ‘ಟಿ’, ‘ಎಚ್’ ಎಂಬ ಎರಡು ಅಕ್ಷರಗಳಿಂದ ಬರೆಯುವ ಒಂದೇ ಊಷ್ಮಧ್ವನಿಯು ಇಲ್ಲಿಯೂ ಎರಡಾಗಿ ಒಡೆಯುವುದು. ಅದಕ್ಕೆಂದೇ ಟೋಲ್ಕಿನನು ಕಲ್ಪಿಸಿದ ಒಂಬತ್ತನೆಯ ಅಕ್ಷರವು ವ್ಯರ್ಥವಾಗುವುದು. ಆಗ ಉಳಿಯುವುದು ತೆಂಗ್ವಾರಿನ ವೇಷ ತೊಟ್ಟ ರೋಮನ್ ಲಿಪಿ ಮಾತ್ರ. ಧ್ವನಿಯನ್ನು ಮೊದಲು ವಿಂಗಡಿಸಿ, ಅನಂತರ ಅಕ್ಷರವನ್ನು ಆರಿಸಿದ ರಚನೆಯು ಎಷ್ಟೇ ಒರಟಾಗಿದ್ದರೂ ಮೂಲಕ್ಕೆ ನಿಷ್ಠವಾದುದು. ಅಂತಹದನ್ನೇ ಲಿಪಿಯೆಂದು ಕರೆಯಲು ಸಾಧ್ಯ.